ಯಜಮಾನರ ಶುಗರ್ ಮಾತ್ರೆ

ಆಪರೇಷನ್ ಬೇಡ ಎಂದು ನಾನು ಹಟ ಹಿಡಿದದ್ದು ಹೆದರಿಕೆಯಿಂದ. ಹಾಗಂತ ಒಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ. ಸರ್ವಮಂಗಳಾಗೆ ಬಾಯಿ ಜೋರು ಎಂದು ನಮ್ಮೂರು ವಸ್ತಾರೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಎದೆಯ ಗಂಟು ಕ್ಯಾನ್ಸರೇ, ತಡಮಾಡದೆ ತೆಗೆಸಿಬಿಡಿ ಎಂದು ಡಾಕ್ಟರು ಅಂದಾಗ, ಕಾಫಿ ಕೊಯ್ಲು ಮುಗಿಯಲಿ ನೋಡೋಣ ಎಂದೆ. ಆಳುಗಳ ಊಟ ತಿಂಡಿ ಯಾರು ನೋಡುತ್ತಾರೆ ಎಂದೆ. ನಮ್ಮ ಯಜಮಾನರು ಜಯದೇವಪ್ಪ ಯಾವ ನೆವಕ್ಕೂ ಸೊಪ್ಪು ಹಾಕಲಿಲ್ಲ.

ಅಷ್ಟರಲ್ಲಿ ಫೋನಿಗೆ ಒಂದು ಸುದ್ದಿ ಬಂತು. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ಕ್ಯಾನ್ಸರ್ ಕೋಶಗಳ ಬೆಳವಣಿಗೆಯನ್ನು ನಿಧಾನ ಮಾಡಬಹುದಂತೆ. ಅಯ್ಯೋ, ಇದನ್ನು ನಮ್ಮವರು ವರ್ಷಗಟ್ಟಲೆಯಿಂದ ಮುಖ ಸಿಂಡರಿಸಿಕೊಂಡು ನುಂಗುತ್ತಿದ್ದಾರೆ. ದಿನಾ ತಿಂಡಿಯ ಜೊತೆ ಎತ್ತಿಡುವವಳು ನಾನೇ. ಅವರೆದುರಿಗೇ ಒಂದು ಮಾತ್ರೆ ಬಾಯಿಗೆ ಹಾಕಿಕೊಂಡೆ.

"ಕೊಳೆರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣ ಕಾಫಿ ಎಲೆಯ ತುಕ್ಕುರೋಗಕ್ಕೂ ಆಗುತ್ತೆ ಅಂತ ಊರಿಗೆಲ್ಲ ಹೇಳೋರು ನೀವು. ಗಿಡಕ್ಕೆ ಒಂದೇ ಔಷಧಿ ಎರಡು ರೋಗಕ್ಕೆ ಆದ್ರೆ ನನಗ್ಯಾಕೆ ಆಗ್ಬಾರ್ದು?"

ಅವರ ಕಣ್ಣಲ್ಲಿ ನೀರು ಕಂಡು ನನಗೆ ಇನ್ನೂ ಸಿಟ್ಟು ಬಂತು. ಮರುದಿನವೂ ನುಂಗಿದೆ. ಹೊಟ್ಟೆ ಕೆಟ್ಟು ಮಂಚಕ್ಕೂ ಬಾತ್‌ರೂಮಿಗೂ ಓಡಾಡಿ ಸುಸ್ತಾದೆ. ಆದರೂ ನಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಕೊನೆಗೆ ಅವರು ನನ್ನ ಮೈದುನನ ಮಗಳು ಸುಪ್ರಿಯಾಳನ್ನು ಕರೆಸಿದರು. ಮಂಗಳೂರಿನ ಒಂದು ಲ್ಯಾಬಿನಲ್ಲಿ ಕ್ಯಾನ್ಸರ್ ಕೋಶಗಳನ್ನು ಬೆಳೆಸಿ ಪರೀಕ್ಷೆ ಮಾಡುವುದು ಅವಳ ಕೆಲಸ. ಬುದ್ಧಿ ಹೇಳಲು ಬಂದಿದ್ದಾಳೆ ಎಂದು ನಾನು ಮುಖ ತಿರುಗಿಸಿದೆ. ಅವಳು ನಗುತ್ತ, ನೀವು ಓದಿದ್ದು ಪೂರ್ತಿ ಸುಳ್ಳಲ್ಲ, ತೋರಿಸುತ್ತೇನೆ ಬನ್ನಿ ಎಂದು ಲ್ಯಾಪ್‌ಟಾಪ್ ತೆಗೆದಳು. ಕಾಫಿ ಒಣಹಾಕಿದ ಕಣದ ಬಿಸಿಲಿಗೆ ಏನೂ ಕಾಣದೆ, ಮೂವರೂ ಗೋಡೌನಿನೊಳಗೆ ಪಾರ್ಚ್‌ಮೆಂಟ್ ಕಾಫಿಯ ಮೂಟೆಗಳ ಮೇಲೆ ಕೂತೆವು.

ಪರದೆಯ ಮೇಲೆ ಎರಡು ಗಾಜಿನ ತಟ್ಟೆಗಳ ಚಿತ್ರ. ಎಡಗಡೆ ಬರೀ ಕೋಶಗಳು, ಬಲಗಡೆಯವಕ್ಕೆ ಮೆಟ್‌ಫಾರ್ಮಿನ್ ಹಾಕಿದೆಯಂತೆ. ಕೆಲವು ದಿನ ನಡೆದದ್ದನ್ನು ಒಂದು ನಿಮಿಷದ ವಿಡಿಯೊಗೆ ಇಳಿಸಿದ್ದಳು. ಎಡಗಡೆ ಒಂದು ಕೋಶ ಉಬ್ಬಿ ಗುಂಡಗಾಯಿತು, ನಡು ಕಿರಿದಾಯಿತು, ಎರಡಾಯಿತು. ಪಕ್ಕದ್ದೂ ಎರಡಾಯಿತು. ನೋಡನೋಡುತ್ತ ಸಂತೆಯ ಹಾಗೆ ತುಂಬಿಹೋದವು. ಬಲಗಡೆಯೂ ಅಂಥವೇ ಕೋಶಗಳು, ಆದರೆ ಎಷ್ಟು ನಿಧಾನ! ಕೋಶದೊಳಗೆ ಶಕ್ತಿ ತಯಾರಾಗುವ ಜಾಗಕ್ಕೇ ಹೋಗಿ ಈ ಮಾತ್ರೆ ಅಡ್ಡ ಹಾಕುತ್ತದಂತೆ. ಶಕ್ತಿ ಸಾಲದ ಕೋಶ ಎರಡಾಗುವುದನ್ನು ಮುಂದಕ್ಕೆ ಹಾಕುತ್ತದಂತೆ.

ಶಿವ ಶಿವಾ, ಮೈ ಜುಮ್ಮೆಂದಿತು. ನಾನು ಇಡ್ಲಿ ಪಕ್ಕದಲ್ಲಿ ಇಡುತ್ತಿದ್ದ ಬಿಳಿ ಮಾತ್ರೆ ಕಣ್ಣಿಗೆ ಕಾಣದ ಜಾಗಕ್ಕೆ ನುಗ್ಗಿ ಇಂಥ ಕೆಲಸ ಮಾಡುತ್ತದೆಯೇ? ನನ್ನ ಮೈಯೊಳಗೂ ಈಗಲೇ ಹೀಗೆ ಒಂದು ಎರಡಾಗುತ್ತಿದೆ ಅನಿಸಿ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡೆ. ತಟ್ಟೆಗೆ ಹಾಕುವಷ್ಟು ಔಷಧಿಯನ್ನು ಮನುಷ್ಯರ ಮೈ ತಡೆಯದು, ಇದೊಂದರಿಂದಲೇ ಯಾರಿಗೂ ಕ್ಯಾನ್ಸರ್ ವಾಸಿಯಾದದ್ದು ಸಾಬೀತಾಗಿಲ್ಲ ಎಂದು ಸುಪ್ರಿಯಾ ಹೇಳುತ್ತಿದ್ದಳು. ಅದು ನನ್ನ ಕಿವಿಗೆ ಅರ್ಧ ಬಿತ್ತು. ಕಣ್ಣು ತೆಗೆಯಲಾಗದೆ ಕೇಳಿದೆ.

"ಯಾರವೇ ಇವು?"

"ಹೊರದೇಶದ ಒಬ್ಬ ಹೆಂಗಸಿನವು ದೊಡ್ಡಮ್ಮ. ಅವ್ರಿಗೂ ನಿಮ್ಮ ಥರಾನೇ ಎದೆಯಲ್ಲಿ ಆಗಿತ್ತು. ಅವ್ರು ತೀರ್ಕೊಂಡು ಐವತ್ತು ವರ್ಷದ ಮೇಲಾಯ್ತು."

"ಮತ್ತೆ ಇವು?"

"ಇವು ಸತ್ತಿಲ್ಲ. ಎಷ್ಟೋ ದೇಶದ ಲ್ಯಾಬುಗಳಲ್ಲಿ ಈಗಲೂ ಬೆಳೀತಾನೇ ಇವೆ."

ಆ ಹೆಂಗಸಿಗೂ ಮನೆ ಇದ್ದೀತು, ಮುಗಿಯದ ಕೆಲಸ ಇದ್ದೀತು, ಹೇಳಿಕೊಳ್ಳಲಾಗದ ಹೆದರಿಕೆ ಇದ್ದೀತು. ಅವೆಲ್ಲ ಮಣ್ಣಾಗಿ, ಅವಳನ್ನು ತಿಂದದ್ದು ಮಾತ್ರ ಉಳಿದಿದೆ. ಅದರಿಂದಲೇ ಈ ಹುಡುಗಿ ನನ್ನಂಥವರಿಗೆ ಮದ್ದು ಹುಡುಕುತ್ತಿದ್ದಾಳೆ. ಹೆಸರು ಗೊತ್ತಿಲ್ಲದ ಆ ತಾಯಿಗೆ ಕೂತಲ್ಲಿಂದಲೇ ಕೈ ಮುಗಿದೆ. ಆಗಲೇ ಮಾತ್ರೆಯ ಔಷಧಿ ಹಾಕಿದ್ದ ಬಲಗಡೆಯ ತಟ್ಟೆಯಲ್ಲೂ ಒಂದು ಕೋಶ ಸಾವಕಾಶವಾಗಿ, ಯಾವ ಅವಸರವೂ ಇಲ್ಲದೆ, ಎರಡಾಯಿತು.

"ಆಪರೇಷನ್‌ಗೆ ಬರ್ತೀವಿ ಅಂತ ಡಾಕ್ಟ್ರಿಗೆ ಫೋನ್ ಮಾಡ್ರಿ," ಎಂದೆ.

ಇವರು ಜೇಬಿನಿಂದ ಫೋನು ತೆಗೆದರು. ಒತ್ತುವುದು ಬಿಟ್ಟು ನನ್ನ ಮುಖವನ್ನೇ ನೋಡಿದರು. ಅದನ್ನು ಕಸಿದುಕೊಂಡು ನಂಬರು ನಾನೇ ಒತ್ತಿದೆ.