ಹದಿನಾಲ್ಕನೇ ಕಲಮು

"ದೂರ ನಿಂತ್ಕೊಂಡು ಮಾತಾಡು. ಕೋರ್ಟಿಗೆ ಬರೋವಾಗ್ಲಾದ್ರೂ ಸ್ನಾನ ಮಾಡಿ ಬರಬಾರ್ದೇನೋ?"

ಬ್ಯಾಂಕಿನ ವಕೀಲ ಕರವಸ್ತ್ರದಲ್ಲಿ ಮೂಗು ಮುಚ್ಚಿಕೊಂಡೇ ನನ್ನ ಗಂಡನಿಗೆ ಹೇಳಿದ. ಅವತ್ತು ನನ್ನ ಗಂಡ ಎರಡು ಸಲ ಸ್ನಾನ ಮಾಡಿದ್ದ. ಒಗೆದ ಅಂಗಿ ಹಾಕಿದ್ದ. ನಾವು ಕಕ್ಕಸು ಗುಂಡಿ ಬಳಿಯುವವರು ಅಂತ ಕಡತದಲ್ಲಿ ಬರೆದಿತ್ತು. ವಕೀಲನಿಗೆ ವಾಸನೆ ಬಂದದ್ದು ಆ ಕಡತದಿಂದ.

ಗಂಡ ಎರಡು ಹೆಜ್ಜೆ ಹಿಂದೆ ಸರಿದ. ನಾನು ಸರಿಯಲಿಲ್ಲ.

ನಮ್ಮ ಕೇಸು ಒಂದು ಟ್ಯಾಂಕರಿನದು. ನನ್ನ ಮೈದುನ ಒಂದು ವಸತಿಗೃಹದ ಗುಂಡಿಗೆ ಇಳಿದವನು ಮೇಲೆ ಬರಲಿಲ್ಲ. ಮಣ್ಣು ಮಾಡಿ ಬಂದ ದಿನವೇ ನನ್ನ ಗಂಡ, "ಇನ್ನು ಈ ಮನೆಯವ್ರು ಯಾರೂ ಇಳಿಯೋದು ಬೇಡ" ಅಂದ. ಪೈಪು ಬಿಟ್ಟು ಎಳೆಯುವ ಯಂತ್ರವಿರುವ ಟ್ಯಾಂಕರಿಗೆ ಸಾಲ ಕೇಳಿದೆವು. ಸಾಲ ಕೊಡುವ ಸಾಹೇಬ ಹಾಳೆಗಳ ಕಟ್ಟನ್ನು ಸ್ಕೇಲಿನ ತುದಿಯಿಂದ ನಮ್ಮ ಕಡೆ ತಳ್ಳಿದ.

"ಅರವತ್ತು ಕಂತು ಕಟ್ಟು, ಗಾಡಿ ನಿಂದು. ಗುರುತು ಹಾಕಿರೋ ಕಡೆಯೆಲ್ಲ ಇಬ್ರೂ ಸಹಿ ಹಾಕಿ."

ಹಾಕಿದೆವು. ಪೆನ್ನು ವಾಪಸ್ ಕೊಟ್ಟರೆ, "ನೀನೇ ಇಟ್ಕೊ" ಅಂದ.

ಐದು ವರ್ಷ ಒಂದು ಕಂತೂ ತಪ್ಪಲಿಲ್ಲ. ಅರವತ್ತನೆಯದನ್ನು ಕಟ್ಟಿ ಗಾಡಿಯ ಕಾಗದ ಕೇಳಿದರೆ ಅದೇ ಸಾಹೇಬ ಕಂಪ್ಯೂಟರಿನಿಂದ ತಲೆ ಎತ್ತದೆ, "ಇನ್ನೂ ಇಪ್ಪತ್ತೇಳಿದೆ" ಅಂದ.

"ನೀವೇ ಅರವತ್ತು ಅಂದಿದ್ರಲ್ಲ ಸಾರ್?"

"ಬಡ್ಡಿ ಏರಿದೆ. ಹದಿನಾಲ್ಕನೇ ಕಲಮು ನೋಡ್ಕೊ."

ನಾನು ಏಳನೇ ಕ್ಲಾಸು ಓದಿದವಳು. ಮನೆಗೆ ಬಂದು ಹದಿನಾಲ್ಕನೇ ಕಲಮು ಬೆರಳಿಟ್ಟು ಓದಿದೆ. 'ಸದರಿ ಸಾಲಗಾರರು ಕಾಲಕಾಲಕ್ಕೆ ನಿಗದಿಯಾಗುವ ಪರಿವರ್ತನೀಯ ದರಕ್ಕೆ ಒಳಪಟ್ಟು, ತತ್ಪರಿಣಾಮವಾಗಿ ಉದ್ಭವಿಸಬಹುದಾದ ವ್ಯತ್ಯಯವನ್ನು...' ಎಲ್ಲ ಅಕ್ಷರವೂ ನನಗೆ ಗೊತ್ತಿದ್ದದ್ದೇ. ಒಂದು ಮಾತೂ ತಲೆಗೆ ಹತ್ತಲಿಲ್ಲ.

ಅರ್ಥ ಹೇಳುವ ತನಕ ಕಟ್ಟುವುದಿಲ್ಲ ಅಂತ ಗಂಡ ಕೂತ. ಮೂರನೇ ತಿಂಗಳು ಬ್ಯಾಂಕು ಕಳಿಸಿದ ನಾಲ್ಕು ಜನ ನಡುರಸ್ತೆಯಲ್ಲಿ ಟ್ಯಾಂಕರಿಗೆ ಅಡ್ಡ ನಿಂತರು. ತುಂಬಿದ್ದ ಟ್ಯಾಂಕರನ್ನು ಖಾಲಿ ಮಾಡಲು ಹೊರಟಿದ್ದೆವು.

"ತುಂಬಿದೆ ಕಣ್ರೋ, ಸುರಿದು ಬಂದು ಕೀಲಿ ಕೊಡ್ತೀನಿ, ತಾಳ್ರೋ" ಅಂತ ಗಂಡ ಕೈ ಮುಗಿದ.

"ಮುಚ್ಕೊಂಡು ಇಳಿಯೋ ಬೋಳಿಮಗನೆ!" ಅಂಗಿಯ ಕೊರಳಪಟ್ಟಿ ಹಿಡಿದು ಎಳೆದರು. ನನ್ನ ಚಪ್ಪಲಿ ಟ್ಯಾಂಕರಿನಲ್ಲೇ ಉಳಿಯಿತು. ಬರಿಗಾಲಲ್ಲಿ ಮನೆಗೆ ನಡೆದೆವು.

ಬ್ಯಾಂಕಿನವರು ಗಾಡಿಯನ್ನು ಹಾಗೇ ತಮ್ಮ ಅಂಗಳದಲ್ಲಿ ನಿಲ್ಲಿಸಿದರು. ನಾಲ್ಕನೇ ದಿನ ಅದು ಸೋರಿತು. ಅಂಗಳ ತೊಳೆಸಿದ ಖರ್ಚು, ಗಾಡಿ ನಿಲ್ಲಿಸಿದ್ದಕ್ಕೆ ದಿನಬಾಡಿಗೆ, ಎಲ್ಲ ನಮ್ಮ ಲೆಕ್ಕಕ್ಕೇ ಬರೆದರು. ಊರವರ ಹೇಲೂ ನಮ್ಮ ಸಾಲಕ್ಕೆ ಸೇರಿತು.

ನಾವು ಬ್ಯಾಂಕಿನ ಮೇಲೆ ಕೇಸು ಹಾಕಿದೆವು. ಸರ್ಕಾರ ಬಡವರಿಗೆ ಪುಕ್ಕಟೆ ಕೊಡುವ ವಕೀಲರಲ್ಲಿ ನಮಗೆ ಸಿಕ್ಕಿದ್ದು ಒಬ್ಬ ಚಿಕ್ಕ ವಯಸ್ಸಿನ ಹುಡುಗಿ. ಅವಳೇ ಅವತ್ತು ಕೋರ್ಟಿನಲ್ಲಿ ಎದ್ದು ನಿಂತು, "ಈ ಕಲಮಿನ ಅರ್ಥ ಏನು ಅಂತ ಬ್ಯಾಂಕಿನವರೇ ಹೇಳಲಿ ಸ್ವಾಮಿ" ಅಂದಳು.

ಸಾಲದ ಸಾಹೇಬ ಎದ್ದ. "ಬಡ್ಡಿ ಏರಿದ್ರೆ ಕಂತು ಜಾಸ್ತಿ ಆಗ್ತವೆ ಸ್ವಾಮಿ."

ಬ್ಯಾಂಕಿನ ವಕೀಲ ಗಾಬರಿಯಿಂದ ಅವನ ತೋಳು ಹಿಡಿದ. "ಹಾಗಲ್ಲ ಸ್ವಾಮಿ, ಕಂತಿನ ಮೊತ್ತ ಜಾಸ್ತಿ ಆಗುತ್ತೆ. ಸಂಖ್ಯೆಯ ಮಾತು ಬೇರೆ ಕಲಮಿನಲ್ಲಿದೆ."

"ಯಾವ ಕಲಮು?"

ಇಬ್ಬರೂ ಹಾಳೆ ಮಗುಚತೊಡಗಿದರು. ಜಡ್ಜು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ತಾವೇ ಓದಿದರು. ಮತ್ತೊಮ್ಮೆ ಓದಿದರು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಗೆದ್ದೆವು ಅಂದುಕೊಂಡು ನಾನು ಗಂಡನ ಕೈ ಒತ್ತಿದೆ.

ಜಡ್ಜು ಅವನ ಕಡೆ ತಿರುಗಿದರು. "ಅರ್ಥ ಆಮೇಲೆ ನೋಡೋಣ. ಸಹಿ ನಿಂದೇ ತಾನೆ?"

"ಹೌದು ಸ್ವಾಮಿ."

"ಮತ್ತೆ?"

ಜಡ್ಜು ಕಡತ ಮುಚ್ಚಿದರು. ನಾಲ್ಕು ತಿಂಗಳಾಚೆಗೆ ವಾಯಿದೆ ಕೊಟ್ಟರು. ಅಲ್ಲಿವರೆಗೆ ಗಾಡಿ ಬ್ಯಾಂಕಿನ ಅಂಗಳದಲ್ಲೇ ಇರತಕ್ಕದ್ದು, ಬಾಡಿಗೆ ಓಡತಕ್ಕದ್ದು.

ಹೊಟ್ಟೆ ವಾಯಿದೆ ಕೇಳುತ್ತದೆಯೆ? ಅವನು ಮತ್ತೆ ಗುಂಡಿಗೆ ಇಳಿದ. ಸೊಂಟಕ್ಕೆ ಹಗ್ಗ, ಹಗ್ಗದ ತುದಿ ನನ್ನ ಕೈಯಲ್ಲಿ. ಇಪ್ಪತ್ತು ಎಣಿಸಿ ಒಂದು ಸಲ ಜಗ್ಗುತ್ತೇನೆ, ಅವನೂ ಒಂದು ಸಲ ಜಗ್ಗಬೇಕು. ಒಂದು ಮಧ್ಯಾಹ್ನ, ಮನೆ ಯಜಮಾನಿ ಕಿಟಕಿ ಹಾಕಿಕೊಂಡು ಒಳಗೆ ಊಟಕ್ಕೆ ಕೂತಿದ್ದಾಗ, ನಾನು ಜಗ್ಗಿದರೆ ಉತ್ತರ ಬರಲಿಲ್ಲ. ಮತ್ತೆ ಜಗ್ಗಿದೆ. ಇಲ್ಲ. ಹಗ್ಗ ಹೆಗಲಿಗೆ ಸುತ್ತಿಕೊಂಡು, ಕಾಲು ಕಟ್ಟೆಗೆ ಕೊಟ್ಟು ಎಳೆದೆ. ಬಾಯಿಗೆ ಬಂದ ಬೈಗುಳವನ್ನೆಲ್ಲ ಬೈಯುತ್ತ ಎಳೆದೆ. ಮೇಲೆ ಬಂದವನು ಅರ್ಧ ಗಂಟೆ ನನ್ನ ತೊಡೆ ಮೇಲೆ ವಾಂತಿ ಮಾಡಿದ. ಕಣ್ಣು ಬಿಟ್ಟು ಮೊದಲು ಹೇಳಿದ್ದು ಒಂದೇ ಮಾತು:

"ರಾಜಿ ಮಾಡ್ಕೊಳ್ಳೋಣ ಕಣೇ."

ಮಾರನೆಯ ದಿನ ಬ್ಯಾಂಕಿಗೆ ಹೋದೆವು. ಸಾಲದ ಸಾಹೇಬ ತುಂಬಾ ಮರ್ಯಾದೆಯಿಂದ ಕುರ್ಚಿ ತೋರಿಸಿದ. ಕೇಸು ಹಿಂದಕ್ಕೆ ತಗೊಂಡರೆ ಟ್ಯಾಂಕರು ಇವತ್ತೇ ವಾಪಸ್ಸಂತೆ. ಹಳೆಯದು, ಬಾಡಿಗೆ, ತೊಳೆಸಿದ್ದು ಎಲ್ಲ ಸೇರಿಸಿ ಹೊಸ ಸಾಲವಂತೆ. ನಲವತ್ತೊಂದು ಹಾಳೆ ಇಟ್ಟ. ಗಂಡ ಏನೂ ಕೇಳದೆ ಸಹಿ ಹಾಕುತ್ತ ಹೋದ. ಆಮೇಲೆ ಪೆನ್ನು ನನಗೆ ಕೊಟ್ಟ.

ನಾನು ಹಾಳೆ ತಿರುಗಿಸಿದೆ. ಹದಿನಾಲ್ಕನೇ ಕಲಮು ಹಾಗೇ ಇತ್ತು. ಒಂದು ಅಕ್ಷರ ಕೂಡ ಅಲುಗಿರಲಿಲ್ಲ.

"ಇದನ್ನ ಓದಿ ಹೇಳಿ ಸಾರ್" ಅಂದೆ.

"ಎಲ್ಲ ಮಾಮೂಲಿ ಕಣಮ್ಮ. ಹಾಕು."

"ಮಾಮೂಲಿನೇ ಓದಿ."

"ಸುಮ್ನೆ ಹಾಕೇ" ಅಂತ ಗಂಡ ಅಂದ. "ಹಾಕ್ದೆ ಹೋದ್ರೆ ನಾಳೆ ಮತ್ತೆ ಇಳೀಬೇಕು ಕಣೇ. ನಾ ಸತ್ರೆ ಏನ್ಮಾಡ್ತೀಯ?"

ನನಗೂ ಅದು ಗೊತ್ತಿತ್ತು. ಹಗ್ಗ ಸುತ್ತಿದ್ದ ಹೆಗಲು ಉರಿಯುತ್ತಿತ್ತು. ಸಹಿ ಹಾಕಿದರೆ ಇನ್ನೈದು ವರ್ಷಕ್ಕೆ ಇದೇ ಮೇಜು, ಇದೇ ಸಾಹೇಬ, ಆಗಲೂ ಅವನ ಬಾಯಲ್ಲಿ ಎಷ್ಟು ಅಂತ ಬರುತ್ತದೋ ಅಷ್ಟು ಕಂತು. ಹಾಕದಿದ್ದರೆ ನಾಳೆ.

ನಾನು ಕುರ್ಚಿಯಿಂದ ಇಳಿದು ನೆಲದ ಮೇಲೆ ಕೂತೆ. ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು. ಸಾಹೇಬ ಆಚೀಚೆ ನೋಡಿ, ಹಾಳೆ ಎತ್ತಿ ದಡದಡ ಓದಿದ: "ಸದರಿ ಸಾಲಗಾರರು ಕಾಲಕಾಲಕ್ಕೆ ನಿಗದಿಯಾಗುವ ಪರಿವರ್ತನೀಯ ದರಕ್ಕೆ..."

"ನಿಗದಿ ಮಾಡೋರು ಯಾರು ಸಾರ್?"

"ಬ್ಯಾಂಕು."

"ಎಲ್ಲಿವರೆಗೆ ಏರಿಸ್ತೀರಿ?"

ಅವನು ಹಾಳೆ ಕೆಳಗಿಟ್ಟ. "ಇವಳನ್ನ ಹೊರಗೆ ಹಾಕೋ!"

ಕಾವಲುಗಾರ ಬಂದು ನನ್ನ ರಟ್ಟೆ ಹಿಡಿದ. ನಾನು ಮೇಜಿನ ಕಾಲನ್ನು ಎರಡೂ ಕೈಯಲ್ಲಿ ತಬ್ಬಿಕೊಂಡೆ. ಅವನು ಎಳೆದ ಹಾಗೆ ಮೇಜೂ ಕಿರ್ ಅಂತ ನನ್ನ ಜೊತೆಗೇ ಜರುಗಿತು. ನಲವತ್ತೊಂದು ಹಾಳೆಗಳೂ ನೆಲಕ್ಕೆ ಬಿದ್ದು ಹರಡಿದವು. ಗಂಡ ನಿಂತಲ್ಲೇ ನಿಂತಿದ್ದ.

"ಎಲ್ಲಿವರೆಗೆ ಸಾರ್?" ಅಂತ ಮತ್ತೆ ಕೇಳಿದೆ.