ಫುಸಾಯೆ ಕಡೆದ ಹಸಿರು ಬಿಯರು

ನನ್ನ ಹೆಂಡತಿ ಫುಸಾಯೆ ಮೂವತ್ತೆರಡು ವರ್ಷದಿಂದ ಜಪಾನಿನ ಉಜಿ ಊರಿನ ಒಂದು ಚಹಾ ಮಂಡಿಯಲ್ಲಿ ಬೀಸುಕಲ್ಲುಗಳನ್ನು ನೋಡಿಕೊಳ್ಳುತ್ತಿದ್ದಾಳೆ. ತಣ್ಣನೆಯ ಮಬ್ಬುಗತ್ತಲ ಕೋಣೆಯಲ್ಲಿ ಹನ್ನೆರಡು ಕಲ್ಲುಗಳು ಮೋಟಾರಿನ ಬಲದಿಂದ ನಿಧಾನಕ್ಕೆ ತಿರುಗುತ್ತಿರುತ್ತವೆ. ಒಂದು ಕಲ್ಲು ಗಂಟೆಗೆ ಒಂದು ಹಿಡಿ ಹಸಿರು ಚಹಾಪುಡಿ ಉದುರಿಸಿದರೆ ಹೆಚ್ಚು. ಯಾವ ಕಲ್ಲಿನ ಹಲ್ಲು ಸವೆದಿದೆ ಎಂಬುದನ್ನು ಇವಳು ಬಾಗಿಲಲ್ಲಿ ನಿಂತೇ ಸದ್ದು ಕೇಳಿ ಹೇಳಿಬಿಡುತ್ತಾಳೆ. ಸಂಜೆ ಮನೆಗೆ ಬಂದಾಗ ಹುಬ್ಬೂ ಹಸಿರಾಗಿರುತ್ತದೆ.

ಹೋದ ಜೂನ್‌ನಲ್ಲಿ ನಮ್ಮ ಬೀದಿಯವರೆಲ್ಲ ಸೇರಿ ಕಾಲುವೆ ಬದಿಯ ಹುಲ್ಲು ಕೊಯ್ದೆವು. ಕೆಲಸ ಮುಗಿದ ಮೇಲೆ ಹಯಾಮಿ ಎಲ್ಲರಿಗೂ ಬಿಯರು ತಂದ. ಹಯಾಮಿಗೆ ನಲವತ್ತೂ ಆಗಿಲ್ಲ. ಒಂದು ಹಳೇ ಚಹಾ ಗೋದಾಮನ್ನು ಬಾಡಿಗೆಗೆ ಹಿಡಿದು ಅಲ್ಲೇ ಸಣ್ಣದಾಗಿ ಬಿಯರು ಮಾಡುತ್ತಾನೆ, ಪಕ್ಕದಲ್ಲೇ ನಾಲ್ಕು ಮೇಜು ಹಾಕಿ ಮಾರುತ್ತಾನೆ. ಅವತ್ತು ಹೊಸದೊಂದು ಬಾಟಲಿ ತೆರೆದ. ಅವನ ಮೊದಲ ಚಹಾ ಬಿಯರಂತೆ. ಲೋಟಕ್ಕೆ ಸುರಿದರೆ ಕೆರೆಯ ತಳದ ನೀರಿನ ಬಣ್ಣ.

ಎಲ್ಲರೂ ಒಂದೊಂದು ಗುಟುಕು ಕುಡಿದು ಪಕ್ಕಕ್ಕಿಟ್ಟರು. ಹಯಾಮಿ ತಲೆ ಕೆರೆದುಕೊಂಡ. "ಈ ಚಹಾನೇ ಸರಿ ಇಲ್ಲ ಅನ್ಸುತ್ತೆ. ಬಿಯರಿಗೆ ಹೊಂದೋ ಪದಾರ್ಥ ಅಲ್ಲ ಅದು."

ಫುಸಾಯೆ ಕುಡುಗೋಲು ಕೆಳಗಿಟ್ಟಳು. "ಚಹಾ ಯಾವ ಮಂಡಿದು?"

"ನಿಮ್ಮದೇ ಅಕ್ಕಾ."

"ಅಂದ್ರೆ ನಾನು ಬೀಸಿದ್ದು. ಅದನ್ನ ಏನು ಮಾಡ್ದೆ?"

"ಬಿಯರಿನ ಹಂಡೆಗೇ ಹಾಕಿ ಕುದಿಸ್ದೆ."

"ಕುದಿಸ್ದ್ಯಾ! ಅದಕ್ಕೆ ಸತ್ತುಹೋಗಿದೆ ಪಾಪ. ಪುಡೀನ ಬೈಬೇಡಪ್ಪಾ, ನಿನ್ನ ಹಂಡೇನ ಬೈಕೋ. ಮುಂದಿನ ತಿಂಗಳು ಮೊದಲ್ನೇ ಭಾನುವಾರ ಮಧ್ಯಾಹ್ನ ನಮ್ಮನೆಗೆ ಬಾ. ಮೇಜಿನ ಮೇಲೇ ಬೆರೆಸಿ ತೋರಿಸ್ತೀನಿ."

ಮನೆಗೆ ನಡೆಯುತ್ತಾ ಕೇಳಿದೆ, "ಅಲ್ವೇ, ನೀನು ಯಾವತ್ತು ಬಿಯರಿಗೆ ಚಹಾ ಬೆರೆಸಿದ್ದೆ?"

"ಯಾವತ್ತೂ ಇಲ್ಲ. ಮೂರು ವಾರ ಇದೆಯಲ್ಲ."

ನಾನು ಬಸ್ಸು ಓಡಿಸಿ ನಿವೃತ್ತನಾದವನು. ಹೆಸರು ಮೊರಿಯೊ. ಆ ಮೂರು ವಾರ ನನಗೆ ಕುಡಿಯುವುದೇ ಉದ್ಯೋಗವಾಯಿತು ಎಂದರೆ ನೆರೆಯವರು ಹೊಟ್ಟೆಕಿಚ್ಚು ಪಟ್ಟಾರು. ಆದರೆ ಕುಡಿದದ್ದೇನು ಎಂಬುದು ನನಗೇ ಗೊತ್ತು.

ಮೊದಲ ದಿನ ಅವಳು ಪುಡಿಯನ್ನು ನೇರವಾಗಿ ಬಿಯರಿಗೆ ಹಾಕಿದಳು. ಲೋಟ ಬುಸ್ಸೆಂದು ಉಕ್ಕಿ ಮೇಜು, ಚಾಪೆ, ನನ್ನ ಪ್ಯಾಂಟು ಎಲ್ಲ ಹಸಿರು. ಎರಡನೇ ದಿನ ಜರಡಿ ಹಿಡಿಯದೆ ನೀರಲ್ಲಿ ಕಲಸಿದಳು. ಹಲ್ಲಿಗೆ ಗಂಟು ಸಿಕ್ಕಿತು. ಆಮೇಲೆ ಬಿಸಿನೀರಲ್ಲಿ ಕಡೆದಳು. ಬಿಯರು ಬೆಚ್ಚಗಾಗಿ ಚಪ್ಪೆಯಾಯಿತು. ಪ್ರತಿ ಸಲವೂ ನನ್ನ ಮುಖ ನೋಡುತ್ತಿದ್ದಳು.

"ಹೇಗಿದೆ?"

"ಪರವಾಗಿಲ್ಲ."

"ಪರವಾಗಿಲ್ಲ ಅನ್ನೋದು ರುಚೀನಾ? ನಾಲಿಗೆ ಇದ್ಯೋ ಇಲ್ವೋ ನಿಮಗೆ? ಸರಿಯಾಗಿ ಹೇಳ್ರೀ."

"ಬೇವಿನ ಕಷಾಯಕ್ಕೆ ಸೋಡಾ ಹಾಕಿದಂಗಿದೆ."

"ಹಾಂ, ಹಂಗೆ ಹೇಳಿ," ಎಂದು ಪುಸ್ತಕದಲ್ಲಿ ಬರೆದುಕೊಂಡಳು.

ಅವಳಿಗೆ ಬೇಸರ ಎಂಬುದೇ ಬರಲಿಲ್ಲ. ಕಹಿಗೆ ಕಾರಣ ತನ್ನ ಚಹಾ ಅಲ್ಲ, ನಾನು ಕೊಂಡು ತರುತ್ತಿದ್ದ ಬಿಯರು ಎಂದು ಎರಡನೇ ವಾರದಲ್ಲಿ ಪತ್ತೆ ಹಚ್ಚಿದಳು. ಕಹಿ ಬಿಯರಿಗೆ ಚಹಾದ ಕಹಿ ಸೇರಿದರೆ ಎರಡೂ ಜಗಳಕ್ಕೆ ನಿಲ್ಲುತ್ತವೆ. ಹಯಾಮಿಯದೇ ಇನ್ನೊಂದು ಬಿಯರಿತ್ತು, ಗೋಧಿಯದು, ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ ಹಾಕಿ ಮಾಡಿದ್ದು. ಅದರಲ್ಲಿ ಚಹಾ ಹಾಯಾಗಿ ಕೂತಿತು. ಪುಡಿಯನ್ನು ಜರಡಿ ಹಿಡಿದು, ತಣ್ಣೀರಲ್ಲಿ ಬಿದಿರಿನ ಕಡೆಗೋಲಿನಿಂದ ನೊರೆ ಬರುವಂತೆ ಕಡೆದು, ಆಮೇಲೆ ಬಿಯರಿಗೆ ಸುರಿದಳು. ನಾನು ಲೋಟ ಖಾಲಿ ಮಾಡಿ ಇನ್ನೊಂದು ಕೇಳಿದೆ. ಅವಳು ಪುಸ್ತಕದಲ್ಲಿ ಏನೂ ಬರೆಯಲಿಲ್ಲ. ಆದರೂ ಒಂದು ಕೊರತೆ ಉಳಿದಿತ್ತು. ಎರಡು ನೊರೆ ಸೇರಿ ಲೋಟದ ಅರ್ಧ ಬರೀ ನೊರೆಯೇ ಆಗುತ್ತಿತ್ತು.

ಹೇಳಿದ ಭಾನುವಾರ ಹಯಾಮಿ ಅದೇ ಗೋಧಿ ಬಿಯರಿನ ಆರು ಬಾಟಲಿ ಹಿಡಿದು ಬಂದ. ಮೇಜಿನ ಮೇಲೆ ಜರಡಿ, ಕಡೆಗೋಲು, ಬಟ್ಟಲು ಸಾಲಾಗಿದ್ದವು. ಮೊದಲ ಬಾಟಲಿ ತೆರೆಯುವಷ್ಟರಲ್ಲಿ ಹೊರಗೆ ಯಾರೋ ಕೂಗಿದರು.

ಇತ್ಸುಮಿ ಟೀಚರ್. ಎಂಬತ್ಮೂರು ವರ್ಷ. ಚಹಾ ಕೊಡುವ ವಿಧಿವಿಧಾನ ಕಲಿಸುವವರು. ಫುಸಾಯೆ ಇಪ್ಪತ್ತು ವರ್ಷದಿಂದ ಪ್ರತಿ ಗುರುವಾರ ಅವರ ಮನೆಗೆ ಹೋಗುತ್ತಾಳೆ. ಅಲ್ಲಿ ಬಟ್ಟಲನ್ನು ಯಾವ ಕಡೆ ತಿರುಗಿಸಬೇಕೆಂಬುದಕ್ಕೂ ಲೆಕ್ಕವಿದೆ, ಹೊಸ್ತಿಲು ಯಾವ ಕಾಲಲ್ಲಿ ದಾಟಬೇಕೆಂಬುದಕ್ಕೂ.

"ಎರಡು ಗುರುವಾರ ಬರ್ಲಿಲ್ಲ. ಹುಷಾರಿಲ್ವೇನೋ ಅಂತ ನೋಡೋಕೆ ಬಂದೆ," ಎನ್ನುತ್ತಾ ಟೀಚರ್ ಒಳಗೆ ಬಂದೇಬಿಟ್ಟರು.

ನಾನು ಪತ್ರಿಕೆ ಎಳೆದು ಬಾಟಲಿಗಳ ಮೇಲೆ ಹೊದಿಸಿದೆ. ಹಯಾಮಿ ಎದ್ದು ನಿಂತು ಮೂರು ಸಲ ಬಗ್ಗಿ ವಂದಿಸಿದ. ಫುಸಾಯೆ ಮಾತ್ರ ಪತ್ರಿಕೆಯನ್ನು ಎತ್ತಿ ಮಡಚಿಟ್ಟಳು.

"ಹುಷಾರಾಗೇ ಇದೀನಿ ಟೀಚರ್. ಬಿಯರಿಗೆ ಚಹಾ ಬೆರೆಸೋದು ಕಲೀತಿದ್ದೆ. ಕೂತ್ಕೊಳ್ಳಿ, ನಿಮಗೂ ಕೊಡ್ತೀನಿ."

ಟೀಚರ್ ಗೋಡೆಗೆ ತೂಗಿದ್ದ ಚಿತ್ರದ ಎದುರು, ದೊಡ್ಡ ಅತಿಥಿಗಳ ಜಾಗದಲ್ಲಿ ಕೂತು, ಕೈ ಮಡಿಲಲ್ಲಿಟ್ಟುಕೊಂಡರು. ಫುಸಾಯೆ ಅವಸರ ಮಾಡಲಿಲ್ಲ. ಪುಡಿ ಜರಡಿ ಹಿಡಿದಳು, ಕಡೆದಳು, ಸುರಿದಳು. ನೊರೆ ಲೋಟದ ಕಂಠದವರೆಗೂ ಏರಿ ನಿಂತಿತು. ಟೀಚರ್ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಅಭ್ಯಾಸಬಲದಿಂದ ಸ್ವಲ್ಪ ತಿರುಗಿಸಿ, ಮೂರು ಗುಟುಕು ಕುಡಿದರು. ಮೂಗಿನ ಮೇಲೆ ನೊರೆ ಅಂಟಿತು. ಯಾರೂ ನಗಲಿಲ್ಲ.

"ಈ ಪುಡಿ ಬೀಸಿದ್ದು ಯಾರು?"

"ನಾನೇ ಟೀಚರ್."

"ನನ್ನ ಮನೆಗೆ ಬರೋ ಪುಡೀನೂ?"

"ಅದೂ ನಾನೇ."

"ಇಪ್ಪತ್ತು ವರ್ಷದಲ್ಲಿ ಒಂದು ಸಲಾನೂ ಹೇಳ್ಲಿಲ್ವಲ್ಲೇ!"

"ಅಲ್ಲಿ ಮಾತಾಡ್ಬಾರ್ದು ಅಂತ ಕಲಿಸಿದ್ದು ನೀವೇ ಅಲ್ವಾ."

ಟೀಚರ್ ಮೂಗು ಒರೆಸಿಕೊಂಡು ಜೋರಾಗಿ ನಕ್ಕರು. ಅವರು ನಗುವುದನ್ನು ನಾನು ನೋಡಿದ್ದು ಅದೇ ಮೊದಲು. ನಗು ನಿಂತ ಮೇಲೆ ಬೆರಳು ತೋರಿಸಿ, "ಚಹಾ ಚೆನ್ನಾಗಿದೆ. ಕಡೆದಿದ್ದು ತಪ್ಪು," ಎಂದರು.

"ತಪ್ಪಾ?"

"ನೊರೆ ಯಾಕೆ ಎಬ್ಬಿಸ್ತೀಯಾ? ಬಿಯರಿನ ಹತ್ರ ಅದರದೇ ನೊರೆ ಇಲ್ವಾ? ಗಟ್ಟಿ ಚಹಾ ಮಾಡೋವಾಗ ಹೇಗೆ ತಿರುವ್ತೀಯಾ? ಹಂಗೆ. ನೀರು ಕಮ್ಮಿ, ನಿಧಾನ, ನುಣ್ಣಗೆ. ಕೊಡು ಇಲ್ಲಿ." ಅವರೇ ಬಟ್ಟೆಯ ತೋಳು ಮಡಚಿ ಕಡೆಗೋಲು ತೆಗೆದುಕೊಂಡರು. ಹಿಡಿತ ನೋಡಬೇಕಿತ್ತು! ಬಟ್ಟಲಲ್ಲಿ ಚಹಾ ಜೇನಿನ ಹಾಗೆ ಮಿರುಗಿತು.

ಈ ಸಲ ಫುಸಾಯೆ ಮೊದಲು ಬಿಯರು ಸುರಿದು, ನೊರೆ ಕೂರುವವರೆಗೆ ಕಾದು, ಅದರ ನಡುವಿಗೆ ಚಹಾವನ್ನು ಸಣ್ಣ ಧಾರೆಯಾಗಿ ಬಿಟ್ಟಳು. ಹಸಿರು ಎಳೆ ಎಳೆಯಾಗಿ ಕೆಳಗಿಳಿದು ಹೊಂಬಣ್ಣದಲ್ಲಿ ಹರಡಿತು. ಹಯಾಮಿ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಸುಮಾರು ಹೊತ್ತು ನೋಡಿದ. ಆಮೇಲೆ ಒಂದೇ ಸಲಕ್ಕೆ ಅರ್ಧ ಲೋಟ ಕುಡಿದ.

"ಏನಪ್ಪಾ, ಚಹಾ ಸರಿ ಇದ್ಯಾ?" ಎಂದು ಫುಸಾಯೆ ಕೇಳಿದಳು.

"ತಪ್ಪಾಯ್ತು ಅಕ್ಕಾ. ಇದನ್ನ ಬಾಟ್ಲಿಗೆ ತುಂಬಿ ಮಾರೋಣ. ನಿಮ್ಮ ಹೆಸರೇ ಹಾಕಿಸ್ತೀನಿ."

"ಬಾಟ್ಲಿಗೆ ತುಂಬಿಟ್ರೆ ವಾರದಲ್ಲಿ ಮತ್ತೆ ಕೆರೆ ನೀರೇ. ಕುಡಿಯೋರ ಕಣ್ಣೆದುರಿಗೇ ಬೆರೆಸಿ ಕೊಡ್ಬೇಕು. ಹೆಸರು ಗಿಸರು ಬೇಡ. ಶನಿವಾರ ನನಗೆ ರಜ, ಒಂದು ಮೇಜು ಖಾಲಿ ಇಡು, ಬರ್ತೀನಿ."

ಕೇಳಿದ್ದಲ್ಲ, ಹೇಳಿದ್ದು. ಹಯಾಮಿ ಹೂಂ ಎಂದ. ನಾಲ್ವರೂ ಸೇರಿ ಉಳಿದ ಬಾಟಲಿಗಳನ್ನೂ ಮುಗಿಸಿದೆವು. ಟೀಚರ್ ಪಾಲಿಗೆ ಎರಡು ಲೋಟ ಬಂತು. ಅವರನ್ನು ಮನೆಯವರೆಗೆ ಕೈಹಿಡಿದು ಬಿಟ್ಟುಬಂದವನು ನಾನು. ದಾರಿಯುದ್ದಕ್ಕೂ ನೆಟ್ಟಗೇ ನಡೆದರು, ನನ್ನ ಕಾಲೇ ಒಂದೆರಡು ಸಲ ತೊಡರಿತು.

ಜುಲೈಯಿಂದ ಪ್ರತಿ ಶನಿವಾರ ಮಧ್ಯಾಹ್ನ ಫುಸಾಯೆ ಗೋದಾಮಿನ ಮೂಲೆಯ ಮೇಜಿನಲ್ಲಿ ಕೂರುತ್ತಾಳೆ. ಆಗಸ್ಟಿನ ಸೆಕೆಯಲ್ಲಿ ಸಾಲು ಬಾಗಿಲು ದಾಟಿ ಬೀದಿಗೆ ಬಂದಿತ್ತು. ಬೇಗ ಬೇಗ ಕೊಡಮ್ಮಾ ಎಂದವರಿಗೆ, "ಬೇಗ ಬೇಕಾದ್ರೆ ಪಕ್ಕದಲ್ಲಿ ದುಡ್ಡು ಹಾಕೋ ಯಂತ್ರ ಇದೆ, ಡಬ್ಬಿ ಬಿಯರು ಸಿಗುತ್ತೆ ನೋಡಿ," ಎನ್ನುತ್ತಾಳೆ. ಅವರು ಕಾಯುತ್ತಾರೆ. ಬರುವ ಮಾರ್ಚಿಗೆ ಅವಳಿಗೆ ಮಂಡಿಯ ಕೆಲಸದಿಂದ ನಿವೃತ್ತಿ. ಆಮೇಲೆ ವಾರಕ್ಕೆ ನಾಲ್ಕು ದಿನ ಇಲ್ಲೇ ಎಂದು ಹಯಾಮಿಗೆ ಆಗಲೇ ತಿಳಿಸಿದ್ದಾಳೆ. ನಾನು ಲೋಟ ತೊಳೆಯುತ್ತೇನೆ. ಆ ತೀರ್ಮಾನವೂ ಅವಳದೇ.

ಮೊನ್ನೆಯಿಂದ ಅವಳ ತಲೆಗೆ ಹುರಿದ ಚಹಾ ಎಲೆಯನ್ನು ಪುಡಿ ಮಾಡಿ ಕಪ್ಪು ಬಿಯರಿಗೆ ಬೆರೆಸುವುದು ಹತ್ತಿದೆ. ನಿನ್ನೆ ಮೊದಲ ಲೋಟ ಕೊಟ್ಟಳು. ಸುಟ್ಟ ಕೊಟ್ಟಿಗೆ ನೆಕ್ಕಿದಂತಿತ್ತು, ಹಾಗೇ ಹೇಳಿದೆ.

"ಗೊತ್ತು," ಎಂದಳು ಫುಸಾಯೆ, ಇನ್ನೊಂದು ಬಾಟಲಿಯ ಮುಚ್ಚಳ ತೆಗೆಯುತ್ತಾ. "ಇದು ಮೊದಲ್ನೇದು ತಾನೇ."