ಉಳಿದ ಅರ್ಧ

ಮಲ್ಲಿಗೆಗೆ ಬಂಗುಡೆಯ ವಾಸನೆ ಹಿಡಿದಿದೆ, ಫ್ರಿಜ್ಜಿನಲ್ಲಿ ಎರಡನ್ನೂ ಒತ್ತೊತ್ತಾಗಿ ಇಟ್ಟರೆ ಇನ್ನೇನಾಗುತ್ತದೆ, ಮೀನು ನಿನ್ನೆ ಪಕ್ಕದ ಮನೆಯ ಸರಸ ಕೊಟ್ಟು ಹೋದದ್ದು, ಹೂವು ಇವತ್ತು ಮಣಿಪಾಲದಿಂದ ಬರುವಾಗ ಕಟಪಾಡಿಯಲ್ಲಿ ಬಸ್ಸು ನಿಂತಾಗ ಕಿಟಕಿಯಿಂದಲೇ ಕೈ ಚಾಚಿ ತೆಗೆದುಕೊಂಡದ್ದು — ಯಾರಿಗೆ ಲವೀನಾ, ಮುಡಿಯುವುದು ಬಿಟ್ಟು ನಾಲ್ಕು ವರ್ಷ ಆಯಿತಲ್ಲ — ಯಾರಿಗೂ ಅಲ್ಲ, ಸುಮ್ಮನೆ, ಚಂದ ಕಂಡಿತು ತೆಗೆದುಕೊಂಡೆ. ಸುಳ್ಳು. ಸುಮ್ಮನೆ ತಂದವಳು ಬಂದವಳೇ ಜಗಲಿಯ ಮೇಜು ಒರೆಸಿ ಅತ್ತೆ ಹೆಣೆದ ಬಿಳಿ ಬಟ್ಟೆ ಹಾಸುತ್ತಾಳಾ, ಎರಡು ಮೇಣದ ಬತ್ತಿ ಹುಡುಕುತ್ತಾಳಾ, ನಡುವೆ ಒಂದು ಮೊಳ ಜಾಗ ಖಾಲಿ ಬಿಡುತ್ತಾಳಾ. ಆ ಜಾಗಕ್ಕೆ ಮರಿಯಾ ಮಾತೆಯ ಪ್ರತಿಮೆ ಬರುವುದಿಲ್ಲ ಅಂತ ಗೊತ್ತುಂಟು. ಗುರಿಕಾರ ಎಡ್ವಿನ್ ಅಂಕಲ್ ವಾಟ್ಸ್ಯಾಪಿನಲ್ಲಿ ಹಾಕಿದ ಪಟ್ಟಿಯನ್ನು ಮೂರು ಸಲ ಓದಿದ್ದೇನೆ, ಅಕ್ಟೋಬರ್ ತಿಂಗಳು, ಜಪಸರದ ತಿಂಗಳು, ನಮ್ಮ ವಾಳೆಯ, ಅಂದರೆ ಇಗರ್ಜಿಯ ಈ ಕೇರಿಯ, ಹದಿನೆಂಟು ಮನೆಗಳಲ್ಲಿ ದಿನಕ್ಕೊಂದು ಮನೆ, ಸಂಜೆ ಜಪಸರ ಮುಗಿಸಿ ಪ್ರತಿಮೆಯನ್ನು ಹಾಡುತ್ತಾ ಮುಂದಿನ ಮನೆಗೆ ಒಯ್ಯುವುದು, ಇವತ್ತು ಮ್ಯಾಗ್ಡಲಿನ್ ಬಾಯಿಯ ಮನೆಯಿಂದ ಸ್ಟೀವನ್ ಮನೆಗೆ. ಈ ಎರಡು ಮನೆಗಳ ನಡುವೆ ಇರುವುದು ನನ್ನ ಮನೆ. ಪಟ್ಟಿಯಲ್ಲಿ ಹದಿನೇಳೇ ಹೆಸರು.

ಅವರ ತಪ್ಪು ಎಂತ, ಬೇಡ ಅಂದವಳು ನಾನೇ. ಕೊರೋನಾದ ಎರಡನೇ ಅಲೆಯ ಆ ಮೇ ತಿಂಗಳು, ನನ್ನ ಗಂಡ ಅಲೆಕ್ಸನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದರು, ಕಿಟ್ ಹಾಕಿದ ನಾಲ್ಕು ಜನ, ಪಾದ್ರಿಯವರು, ನಾನು, ಇಗರ್ಜಿಯ ಹಿಂದಿನ ಮಣ್ಣು, ಹತ್ತು ನಿಮಿಷ. ಈ ವಾಳೆಯಲ್ಲಿ ಯಾರು ಸತ್ತರೂ ಮೊದಲು ಓಡಿ ಚಪ್ಪರ ಹಾಕುತ್ತಿದ್ದವನು ಅಲೆಕ್ಸ್, ಅವನಿಗೆ ಒಂದು ಹಾಡು ಇರಲಿಲ್ಲ. ಅವನ ತಿಂಗಳ ಪೂಜೆಯ ದಿನ ಎಲ್ಲರೂ ಗೇಟಿನವರೆಗೆ ಬಂದರು, ಮಣ್ಣಿನ ದಿನ ನಾವೆಲ್ಲ ಮೇಣದ ಬತ್ತಿ ಹಿಡಿದು ದಾರಿಬದಿಯಲ್ಲಿ ನಿಂತಿದ್ದೆವು ಲವೀನಾ, ಆಂಬುಲೆನ್ಸಿನಿಂದ ನೀನು ನೋಡಲಿಲ್ಲ, ಅಂದರು ಮ್ಯಾಗ್ಡಲಿನ್ ಬಾಯಿ. ನಾನು ನೋಡಲಿಲ್ಲ, ನಂಬಲೂ ಇಲ್ಲ. ನನಗೆ ದೇವರೊಬ್ಬ ಸಾಕು, ಜನ ಬೇಡ ಅಂದೆ, ಇನ್ನು ನನ್ನ ಮನೆಯ ಮುಂದೆ ನಿಮ್ಮ ಹಾಡು, ಜಪ ಒಂದೂ ಕೇಳಿಸಬಾರದು ಅಂದೆ, ಬಾಗಿಲು ಹಾಕಿದೆ. ಪುಣ್ಯಾತ್ಮರು, ನನ್ನ ಬೇರೆ ಯಾವ ಮಾತನ್ನೂ ಇಷ್ಟು ಚಂದ ಪಾಲಿಸಿದವರಲ್ಲ. ನಾಲ್ಕು ಅಕ್ಟೋಬರ್ ಆಯಿತು, ಹಾಡುತ್ತಾ ಬಂದವರು ಸರಸಳ ಬಾವಿಯ ಹತ್ತಿರ ಬಂದ ಕೂಡಲೇ ನಿಲ್ಲಿಸಿಬಿಡುತ್ತಾರೆ, ನನ್ನ ಆವರಣ ದಾಟುವವರೆಗೆ ಬರೀ ಚಪ್ಪಲಿಯ ಸದ್ದು, ಮಕ್ಕಳೂ ಮಾತಾಡುವುದಿಲ್ಲ, ಆಚೆ ಹೋಗಿ ಮತ್ತೆ ಹಾಡು. ಮರ್ಯಾದೆ ಅಂತೆ. ನಾನು ಪರದೆಯ ಹಿಂದೆ ನಿಂತು ಆ ಮರ್ಯಾದೆಯನ್ನು ಕೇಳಿಸಿಕೊಳ್ಳುತ್ತೇನೆ. ಕಳೆದ ವರ್ಷ ಸರಸ ಬೇಲಿಯಾಚೆಯಿಂದ ಕೇಳಿದಳು, ನಿಮ್ಮವರು ನಿಮ್ಮ ಗೇಟಿನ ಹತ್ರ ಸುಮ್ಮನಾಗುವುದು ಎಂತಕ್ಕೆ ಬಾಯಿ, ಒಳಗೆ ಯಾರಾದರೂ ಹುಷಾರಿಲ್ಲದೆ ಮಲಗಿದ್ದಾರಾ. ಶನಿವಾರ ಭಜನಾ ಮಂದಿರದಲ್ಲಿ ಗಂಟಲು ಹರಿಯುವಷ್ಟು ಹಾಡಿ ಬರುವವಳು, ಅವಳಿಗೆ ಎಂತ ಹೇಳುವುದು, ಹೌದು ಸರಸ, ಮಲಗಿದ್ದಾರೆ ಅಂದೆ.

ದೇವರು ಸಾಕು ಅಂದೆನಲ್ಲ. ಭಾನುವಾರ ಮೊಬೈಲಿನಲ್ಲಿ ಪೂಜೆ ನೋಡುತ್ತೇನೆ, ಚಾ ಕುಡಿಯುತ್ತಾ, ಶಾಂತಿ ಹೇಳಿಕೊಳ್ಳಿ ಅನ್ನುವಾಗ ಅಲ್ಲಿ ಎಲ್ಲರೂ ಪಕ್ಕದವರಿಗೆ ಕೈ ಮುಗಿಯುತ್ತಾರೆ, ನನ್ನ ಪಕ್ಕದಲ್ಲಿ ಮಿಕ್ಸಿ. ಸಂಜೆ ಜಪಸರ ಬಿಟ್ಟಿಲ್ಲ, ಆದರೆ ಜಪಸರ ಒಬ್ಬರು ಹೇಳುವಂಥದ್ದಲ್ಲ, ಒಬ್ಬರು ನಮಾನ್ ಮರಿಯೆ, ಮರಿಯಾ ಮಾತೆಗೆ ನಮನ, ಅಂತ ಅರ್ಧ ಹೇಳಿ ಬಿಡಬೇಕು, ಉಳಿದವರು ಸಾಂತ್ ಮರಿಯೆ ಅಂತ ಉಳಿದ ಅರ್ಧ ಎತ್ತಿಕೊಳ್ಳಬೇಕು. ಅಲೆಕ್ಸ್ ಮೊದಲ ಅರ್ಧ, ನಾನು ಎರಡನೆಯದು, ಇಪ್ಪತ್ತೊಂದು ವರ್ಷ, ಅವನು ಓಡಿಸಿಕೊಂಡು ಹೇಳುತ್ತಿದ್ದ, ಬಸ್ಸು ತಪ್ಪುತ್ತದಾ ಮಾರಾಯ ಅಂತ ನಾನು ಗದರುತ್ತಿದ್ದೆ. ಈಗ ಎರಡೂ ನಾನೇ. ಕೇಳುವವಳೂ ನಾನೇ, ಉತ್ತರ ಕೊಡುವವಳೂ ನಾನೇ, ಪಾಪಿಗಳಾದ ನಮಗಾಗಿ ಬೇಡಿಕೊ ಅನ್ನುವಾಗ ನಾವು ಅಂದರೆ ಯಾರು, ನಾನು ಮತ್ತು ಫ್ರಿಜ್ಜು? ನನಗೆ ಬೇಕಾಗಿರುವುದು ಪ್ರಾರ್ಥನೆಯೂ ಅಲ್ಲ ಅಂತ ಕೆಲವೊಮ್ಮೆ ಅನಿಸುತ್ತದೆ, ಬೇಕಾಗಿರುವುದು ನಡುವಿನ ಆ ಉಸಿರು. ಮೊದಲ ಅರ್ಧ ಮುಗಿದ ಮೇಲೆ, ಎರಡನೆಯದು ಶುರುವಾಗುವ ಮೊದಲು, ಕೋಣೆಯಲ್ಲಿ ಕೂತ ಮೂವತ್ತು ಜನ ಒಟ್ಟಿಗೆ ಉಸಿರು ಎಳೆದುಕೊಳ್ಳುತ್ತಾರೆ, ಮುದುಕಿಯರ ಉಬ್ಬಸ, ಮಕ್ಕಳ ನೆಗಡಿ, ಗಂಡಸರ ಬೀಡಿ ಎಲ್ಲ ಸೇರಿದ ಒಂದು ಉಸಿರು. ಮೊಬೈಲಿನಲ್ಲಿ ಅದು ಕೇಳುವುದಿಲ್ಲ. ಮಣಿಪಾಲದ ಲ್ಯಾಬಿನಲ್ಲಿ ದಿನವಿಡೀ ಜನರ ತೋಳಿಗೆ ಸೂಜಿ ಚುಚ್ಚಿ ರಕ್ತ ತೆಗೆಯುತ್ತೇನೆ, ಉಸಿರು ಎಳೆದುಕೊಳ್ಳಿ ಅನ್ನುತ್ತೇನೆ, ಎಳೆದುಕೊಳ್ಳುತ್ತಾರೆ, ಒಬ್ಬೊಬ್ಬರೇ, ಹೆದರಿಕೊಂಡು. ಅದು ಬೇರೆ.

ಹಾಡು ಕೇಳಿಸುತ್ತಿದೆ, ಮ್ಯಾಗ್ಡಲಿನ್ ಬಾಯಿಯ ಮನೆಯ ಇಳಿಜಾರು ಇಳಿದರು, ಎಡ್ವಿನ್ ಅಂಕಲ್ ಯಾವತ್ತಿನ ಹಾಗೆ ಅರ್ಧ ಸಾಲು ಹಿಂದೆ. ಫೋನ್ ಮಾಡಬಹುದಿತ್ತು, ಬನ್ನಿ ಅಂದಿದ್ದರೆ ಬರುತ್ತಿದ್ದರು, ಒಂದು ಮಾತಿಗೆ ಇಷ್ಟು ಸೊಕ್ಕಾ, ಸೊಕ್ಕಲ್ಲ, ನಾಚಿಕೆ. ಮಲ್ಲಿಗೆ ನೀರಿನಲ್ಲಿ ಅದ್ದಿದೆ, ಇನ್ನೂ ಬಂಗುಡೆಯೇ, ಇರಲಿ, ಮಾತೆಗೆ ಮೀನು ಹಿಡಿಯುವವರ ವಾಸನೆ ಹೊಸತಲ್ಲ. ಬತ್ತಿ ಹಚ್ಚಿದೆನಾ, ಹಚ್ಚಿದೆ. ಚಿಲಕ ತೆಗೆದೆ. ಪರದೆಯ ಈಚೆಗೆ ಬಂದರೆ ಗಾಳಿ, ಉಪ್ಪು, ಸರಸ ಬಾವಿಕಟ್ಟೆಯಲ್ಲಿ ಕೊಡಪಾನ ಹಿಡಿದು ನಿಂತಿದ್ದಾಳೆ, ಮತ್ತೆ ಅಲ್ಲಿಯೇ, ಅದೇ ಜಾಗದಲ್ಲಿ, ಹಾಡು ನಿಂತಿತು. ಚಪ್ಪಲಿಗಳು. ಸಾಲಾಗಿ ಬತ್ತಿಗಳು, ಒಂದೊಂದು ಬತ್ತಿಗೆ ಒಂದೊಂದು ಅಂಗೈ ಅಡ್ಡ — ಹಾಗಾದರೆ ಅವತ್ತೂ ಹೀಗೇ ನಿಂತಿದ್ದರಾ, ದಾರಿಬದಿಯಲ್ಲಿ, ಗಾಳಿಗೆ ಕೈ ಅಡ್ಡ ಹಿಡಿದು, ನಾನು ತಲೆ ಎತ್ತಲಿಲ್ಲ. ಯಾರೂ ಈ ಕಡೆ ನೋಡುತ್ತಿಲ್ಲ, ನೋಡಬಾರದು ಅಂತ ನಿಯಮ ಮಾಡಿಕೊಂಡಿದ್ದಾರೆ, ಇನ್ನು ಹತ್ತು ಹೆಜ್ಜೆ, ದಾಟಿದರೆ ಮತ್ತೊಂದು ವರ್ಷ. ಬನ್ನಿ ಅನ್ನಬೇಕು, ಬರುವುದಿಲ್ಲ ಆ ಮಾತು, ಗಂಟಲಲ್ಲಿ ಇರುವುದು ಬೇರೆಯದೇ, ಅಲೆಕ್ಸನದು, ಮೊದಲ ಅರ್ಧ — ನಮಾನ್ ಮರಿಯೆ ಅಂದೆ, ಜೋರಾಗಿಯೇ ಬಂತು, ಅವನ ಹಾಗೆ ಓಡಿಸಿಕೊಂಡೇ ಹೇಳಿ ಮುಗಿಸಿದೆ, ಮುಗಿಸಿ ಬಿಟ್ಟೆ, ಉಳಿದದ್ದನ್ನು ನಾನು ಹೇಳಲಿಲ್ಲ. ಚಪ್ಪಲಿಗಳು ನಿಂತವು. ಮ್ಯಾಗ್ಡಲಿನ್ ಬಾಯಿಯ ಬತ್ತಿ ನನ್ನ ಕಡೆ ತಿರುಗಿತು. ಕತ್ತಲಲ್ಲಿ, ಗೇಟಿನಾಚೆ, ಎಲ್ಲರೂ ಒಟ್ಟಿಗೆ ಎಳೆದುಕೊಂಡ ಉಸಿರು.